ಪುಂಡಿ ಹಗ್ಗ, ನೈಲಾನ್ ಹಗ್ಗ

ತುಂಗಭದ್ರೆಯ ಹರಿಗೋಲಿಗೆ ಹಾಯಿ ಇಲ್ಲ, ಹಾಯಿಕಂಬ ಇಲ್ಲ, ಚುಕ್ಕಾಣಿಯೂ ಇಲ್ಲ. ದುಂಡಗಿನ, ಚಪ್ಪಟೆ ತಳದ ದೋಣಿಗೆ ಹಾಯಿ ಕಟ್ಟಿದರೆ ಅದು ಗಾಳಿ ತಳ್ಳಿದತ್ತ ತಿರುಗುತ್ತ ಹೋದೀತೇ ಹೊರತು ಅಂಬಿಗ ನೆನೆಸಿದತ್ತ ಹೋಗದು. ಬಂಡೆಗಳ ನಡುವೆ ಸುಳಿ ಸುತ್ತುವ ಈ ಹೊಳೆಗೆ ಬೇಕಾದದ್ದು ಎಲ್ಲ ಕಡೆಗೂ ಒಂದೇ ಸಮ ತಿರುಗುವ, ಕಲ್ಲಿಗೆ ತಾಗಿದರೂ ಬಿದಿರು ಬಾಗಿ ಉಳಿಯುವ ದೋಣಿ. ಅದನ್ನು ಹಿಡಿತದಲ್ಲಿಡಲು ಇರುವುದು ಎರಡೇ: ಅಂಬಿಗನ ಕೈಯ ಹುಟ್ಟು, ಅವನ ಕಾಲ ಬುಡದಲ್ಲಿ ಸುತ್ತಿಟ್ಟ ಹಗ್ಗ. ಹುಟ್ಟು ಎಲ್ಲರ ಕಣ್ಣಿಗೆ ಬೀಳುತ್ತದೆ. ಹಗ್ಗದ ನೆನಪಾಗುವುದು ಅದು ಹರಿದಾಗ.

ನಾನು ಕಂಡಂತೆ ಐವತ್ತು ವರ್ಷಗಳಲ್ಲಿ ಆ ಹಗ್ಗ ಪೂರಾ ಬದಲಾಯಿತು. ಪುಂಡಿ ನಾರು ಹೋಗಿ ನೈಲಾನ್ ಬಂತು, ಅದರ ಬೆನ್ನಿಗೇ ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗಗಳು ಬಂದವು. ಹಳೆಯದು ಚೆನ್ನಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹೊಸ ಹಗ್ಗ ಬಹುತೇಕ ಲೆಕ್ಕದಲ್ಲಿ ಮೇಲು. ಆದರೆ ಹಳೆಯ ಹಗ್ಗದ ಜೊತೆ ಅದನ್ನು ಕಾಲಕಾಲಕ್ಕೆ ನೋಡಿ ಬದಲಿಸುವ ಒಂದು ಕಟ್ಟುಪಾಡಿತ್ತು. ಹಗ್ಗ ಹೋದಾಗ ಕಟ್ಟುಪಾಡೂ ಹೋಯಿತು. ಅದರ ಜಾಗಕ್ಕೆ ಇನ್ನೊಂದನ್ನು ನಾವು ತಂದುಕೊಳ್ಳಲಿಲ್ಲ. ನನಗೆ ಹೇಳಬೇಕಾದದ್ದು ಇಷ್ಟೇ.

ನಮ್ಮದು ಕಂಪ್ಲಿ ಕೋಟೆ. ದೊಡ್ಡಪ್ಪ ಹರಿಗೋಲು ಹಾಕುತ್ತಿದ್ದ. ನನಗೆ ಬುದ್ಧಿ ಬರುವ ಹೊತ್ತಿಗೆ ಗಂಗಾವತಿ ಕಡೆಗೆ ಸೇತುವೆ ಆಗಿತ್ತು. ಬಸ್ಸು ಹತ್ತುವವರಿಗೆ ಹರಿಗೋಲು ಬೇಕಿರಲಿಲ್ಲ. ಆಚೆ ದಂಡೆಯಲ್ಲಿ ಹೊಲ ಇದ್ದವರು, ನಡುಗಡ್ಡೆಗೆ ಹುಲ್ಲು ಕೊಯ್ಯಲು ಹೋಗುವ ಹೆಂಗಸರು, ಮೀನಿನವರು, ಇವರಿಗಷ್ಟೇ ಅದು ದಾರಿ. ಮೇಲಿನ ತುಂಗಭದ್ರಾ ಅಣೆಕಟ್ಟೆಯಿಂದ ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರು ಬಿಟ್ಟ ವರ್ಷಗಳಲ್ಲಿ ಸೇತುವೆ ಮುಳುಗುತ್ತಿತ್ತು, ಈಗಲೂ ಮುಳುಗುತ್ತದೆ. ಅಂಥ ಹೊತ್ತಿನಲ್ಲಿ ಹರಿಗೋಲನ್ನು ಹೊತ್ತು ತಂದು ಕೋಟೆಯ ಮೇಲ್ಭಾಗದಲ್ಲಿ ಬೋರಲು ಹಾಕುವುದೇ ದೊಡ್ಡಪ್ಪನ ಕೆಲಸ. ಹೊಳೆ ತುಂಬಿದಾಗ ದೋಣಿ ಹಾಕುವವನು ಅಂಬಿಗನಲ್ಲ ಎನ್ನುತ್ತಿದ್ದ.

ಈ ದೋಣಿಯ ಚಹರೆ ನಮ್ಮ ನದಿಯಲ್ಲಿ ಬಹಳ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ದಾಟಿನಲ್ಲಿ ಇದನ್ನೇ ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಹೋಗುವಾಗ ತಿರುಗುತ್ತಲೇ ಇರುತ್ತದೆ ಎಂಬುದು ಅವನು ಕೊಡುವ ವಿವರ. ನಾನು ಕಂಡ ಹರಿಗೋಲು ಆಕಾರದಲ್ಲಿ ಅದೇ. ಬದಲಾದದ್ದು ಹೊದಿಕೆ. ದೊಡ್ಡಪ್ಪನ ಅಪ್ಪನ ಕಾಲಕ್ಕೆ ದನದ ತೊಗಲು ಇತ್ತು. ನನ್ನ ಕಾಲಕ್ಕೆ ದಪ್ಪ ಬಟ್ಟೆಗೆ ಡಾಂಬರು. ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದು ಅದರ ಮೇಲೆ ಡಾಂಬರು ಬಳಿದರು. ಇತ್ತೀಚೆಗೆ ಫೈಬರ್ ಗ್ಲಾಸಿನದೂ ಬಂದಿದೆ. ತೊಗಲನ್ನು ಕಳೆದುಕೊಂಡದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಮರುಗಲಿಲ್ಲ. ನೆನೆದ ತೊಗಲಿನ ಹರಿಗೋಲನ್ನು ಬೆನ್ನ ಮೇಲೆ ಹೊತ್ತವನಿಗೆ ಅದರ ಭಾರವೂ ವಾಸನೆಯೂ ಗೊತ್ತು.

ಹಗ್ಗಕ್ಕಿದ್ದ ಕೆಲಸಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ದಡದ ಕಲ್ಲಿಗೋ ಗೂಟಕ್ಕೋ ದೋಣಿ ಕಟ್ಟಲು ಒಂದು. ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಒಯ್ಯುವಾಗ ದಂಡೆಯಲ್ಲಿ ನಡೆಯುವವನು ಹಿಡಿದೆಳೆಯಲು ಉದ್ದನೆಯ ಇನ್ನೊಂದು. ಗಾಡಿ ಸಾಮಾನು ದಾಟಿಸುವಾಗ ಎರಡು ಹರಿಗೋಲನ್ನು ಜೋಡಿಸಿ ಬಿಗಿಯಲು ಎರಡು. ಬಿದಿರಿನ ಅಂಚಿಗೆ ಸುತ್ತು ಹಾಕಲು ಸಣ್ಣ ಹುರಿ. ಮೀನು ಹಿಡಿಯುವಾಗ ಬಲೆಗೆ ಬೆಂಡು ಕಟ್ಟುವ ಮೇಲ್ಹಗ್ಗ, ಭಾರ ಕಟ್ಟುವ ಕೆಳಹಗ್ಗ, ನಿಂತಲ್ಲೇ ನಿಲ್ಲಲು ಗುಂಡುಕಲ್ಲು ಇಳಿಬಿಡುವ ಹಗ್ಗ. ಪ್ರತಿ ಕೆಲಸಕ್ಕೂ ದಪ್ಪ ಬೇರೆ, ಹುರಿ ಬೇರೆ, ಗಂಟು ಬೇರೆ.

ಇವೆಲ್ಲ ಪುಂಡಿ ನಾರಿನವು. ನಮ್ಮ ಕಡೆ ಜೋಳ, ತೊಗರಿ, ಹತ್ತಿ ಹೊಲಗಳ ಅಂಚಿಗೆ ಅಕ್ಕಡಿ ಸಾಲಾಗಿ ಪುಂಡಿ ಹಾಕುತ್ತಿದ್ದರು. ಎಳೆಯ ಎಲೆ ಪಲ್ಯಕ್ಕೆ, ಬಲಿತ ಕಾಂಡ ನಾರಿಗೆ, ನಾರು ಸುಲಿದ ಕಡ್ಡಿ ಒಲೆಗೆ. ಹೂ ಬಿಟ್ಟ ಗಿಡಗಳನ್ನು ಕೊಯ್ದು, ಸಿವುಡು ಕಟ್ಟಿ, ನಿಂತ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದರು. ಎರಡು ವಾರ ಕಳೆದರೆ ತೊಗಟೆಯ ಅಂಟು ಕೊಳೆತು ನಾರು ಬಿಡುತ್ತದೆ. ಆ ನೀರಿನ ನಾತ ಊರ ಆಚೆಗೂ ಬರುತ್ತಿತ್ತು. ಮೊಣಕಾಲ ಮಟ್ಟದ ಕೊಳೆ ನೀರಿನಲ್ಲಿ ನಿಂತು ನಾರು ಸುಲಿಯುವ ಕೆಲಸ ಹೆಂಗಸರದು. ಕೈ ಕಾಲಿನ ಚರ್ಮ ಬಿರಿದು ಹುಣ್ಣಾಗುತ್ತಿತ್ತು. ಪುಂಡಿ ಹಗ್ಗದ ಬಗ್ಗೆ ಅಕ್ಕರೆಯಿಂದ ಮಾತಾಡುವವರು ಈ ಕೈಗಳನ್ನೂ ನೆನೆಯಬೇಕು.

ಹೊಸೆಯುವ ಕೆಲಸ ಗಂಡಸರದು, ಮೂರು ಜನರದು. ಒಬ್ಬ ನಾರು ಕೂಡಿಸುತ್ತ ಹಿಂದಕ್ಕೆ ನಡೆಯುತ್ತಾನೆ, ಇನ್ನೊಬ್ಬ ಕೊಕ್ಕೆ ತಿರುಗಿಸುತ್ತಾನೆ, ಮೂರನೆಯವನು ಎಳೆಗಳು ಸಿಕ್ಕಾಗದಂತೆ ಬೇರ್ಪಡಿಸಿ ಹಿಡಿಯುತ್ತಾನೆ. ಎಳೆಗಳನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಮೂರು ಎಳೆ ಸೇರಿಸಿ ಹಗ್ಗ ಮಾಡುವಾಗ ಎದುರು ದಿಕ್ಕಿಗೆ ಹೊಸೆಯಬೇಕು. ಎಳೆ ಬಿಚ್ಚಿಕೊಳ್ಳಲು ಹೊರಟರೆ ಹಗ್ಗ ಬಿಗಿಯಾಗುತ್ತದೆ, ಹಗ್ಗ ಬಿಚ್ಚಲು ಹೊರಟರೆ ಎಳೆ ಬಿಗಿಯಾಗುತ್ತದೆ. ಒಂದರ ಓಟವನ್ನು ಇನ್ನೊಂದು ತಡೆದು ಹಿಡಿಯುವುದೇ ಹಗ್ಗದ ಗುಟ್ಟು. ಇಂದಿನ ಕಾರ್ಖಾನೆಯ ಮೂರೆಳೆ ನೈಲಾನ್ ಹಗ್ಗವೂ ಇದೇ ಲೆಕ್ಕದಲ್ಲಿ ಹುಟ್ಟುತ್ತದೆ.

ಪುಂಡಿ ಹಗ್ಗದ ಕಷ್ಟಗಳು ಒಂದೆರಡಲ್ಲ. ನೆನೆದರೆ ಭಾರ. ನೆನೆದಾಗ ಉಬ್ಬಿ ಗಂಟು ಕಲ್ಲಾಗುತ್ತದೆ, ಹಲ್ಲಿನಿಂದ ಕಚ್ಚಿದರೂ ಬಿಚ್ಚದು. ಒಣಗಿದರೆ ಅದೇ ಗಂಟು ಸಡಿಲ. ನೆನೆದದ್ದನ್ನು ಹಾಗೇ ಸುತ್ತಿಟ್ಟರೆ ವಾರದಲ್ಲಿ ಒಳಗೆ ಬೂಸು. ಎಷ್ಟು ಜೋಪಾನ ಮಾಡಿದರೂ ಒಂದು ವರ್ಷ, ಹೆಚ್ಚೆಂದರೆ ಇನ್ನೊಂದು ಬೇಸಿಗೆ. ಸಾಯುವ ಮುನ್ನ ಅದು ಎಲ್ಲ ಸೂಚನೆ ಕೊಡುತ್ತಿತ್ತು. ಬಣ್ಣ ಕಪ್ಪಾಗುತ್ತದೆ, ಕೈಗೆ ನಾರು ಉದುರುತ್ತದೆ, ಬಗ್ಗಿಸಿದರೆ ಸಣ್ಣಗೆ ಸದ್ದು ಮಾಡುತ್ತದೆ, ಮೂಗಿಗೆ ಹಿಡಿದರೆ ಕೊಳೆತ ವಾಸನೆ. ದೀಪಾವಳಿ ಹೊತ್ತಿಗೆ ಹೊಸ ನಾರು ಬರುತ್ತಿತ್ತು, ಹೊಳೆಯೂ ಇಳಿದಿರುತ್ತಿತ್ತು. ಹಳೆಯದನ್ನೆಲ್ಲ ಕತ್ತರಿಸಿ ದನ ಕಟ್ಟುವ ಕಣ್ಣಿಗೆ ಹಾಕಿ, ಹರಿಗೋಲಿಗೆ ಹೊಸ ಹಗ್ಗ. ಯಾರೂ ಹೇಳಬೇಕಿರಲಿಲ್ಲ, ಬೆಳೆಯೇ ಹೇಳುತ್ತಿತ್ತು. ವರ್ಷಕ್ಕೊಮ್ಮೆ ಸಾಯುವ ಹಗ್ಗವಾದ್ದರಿಂದ ಅದನ್ನು ನಂಬಿ ಯಾರೂ ಮೈಮರೆಯುತ್ತಿರಲಿಲ್ಲ.

ದಿನಾ ಬೆಳಗ್ಗೆ ದೊಡ್ಡಪ್ಪ ನೀರಿಗಿಳಿಯುವ ಮುನ್ನ ತನ್ನ ಮಗನನ್ನು, ಅಂದರೆ ನಮ್ಮ ಅಣ್ಣನನ್ನು, ಕೇಳುತ್ತಿದ್ದದ್ದು ಒಂದೇ ಮಾತು: “ಹಗ್ಗ ಹೆಂಗೈತಿ?”

“ನೆಟ್ಟಗೈತಿ” ಎಂದರೆ ಸಾಲದು. “ಕೈಯಾಡಿಸಿ ಹೇಳಲೇ ತಮ್ಮಾ, ಕಣ್ಣಿಲೆ ನೋಡಿ ಹೇಳಬ್ಯಾಡ” ಎನ್ನುತ್ತಿದ್ದ.

ನೈಲಾನ್ ನಮ್ಮಲ್ಲಿಗೆ ಮೊದಲು ಬಂದದ್ದು ಬಲೆಯಾಗಿ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರದರ್ಸ್ 1935ರಲ್ಲಿ ಮಾಡಿ ತೋರಿಸಿದ ಈ ನೂಲು ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟು, ಹಗ್ಗಗಳಾಗಿ ಬಲ ತೋರಿಸಿತು. ಯುದ್ಧ ಮುಗಿದ ಮೇಲೆ ಜಗತ್ತಿನ ಮೀನುಗಾರರ ಕೈ ಸೇರಿತು. ಇತ್ತ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಕಾಲುವೆಗೆ ನೀರು ಬಿಡುವ ಹಂತಕ್ಕೆ ಬಂದಿತ್ತು. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ಹಿನ್ನೀರು ಅಂಬಿಗರಿಗೆ ಹೊಸ ಹೊಳೆಯೇ ಆಯಿತು. ಹರಿಯುವ ನೀರಿನಲ್ಲಿ ಕಲಿತವರು ಗಾಳಿಗೆ ಅಲೆ ಏಳುವ ನಿಂತ ನೀರಿನಲ್ಲಿ ಬದುಕು ಹುಡುಕಿದರು. ಅಷ್ಟು ಅಗಲದ ನೀರಿಗೆ ಉದ್ದನೆಯ ಬಲೆ ಬೇಕು. ರಾತ್ರಿಯಿಡೀ ನೀರಲ್ಲಿದ್ದರೂ ಕೊಳೆಯಬಾರದು. ಹತ್ತಿಯ ಬಲೆಯನ್ನು ದಿನವೂ ಒಣಗಿಸಬೇಕಿತ್ತು, ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಗಟ್ಟಿ ಮಾಡಬೇಕಿತ್ತು. ನೈಲಾನಿಗೆ ಇದ್ಯಾವುದೂ ಬೇಡ. ಹಿನ್ನೀರಿನ ಮೀನುಗಾರ ಕುಟುಂಬಗಳಿಗೆ ಅದು ದಿನಕ್ಕೆ ಅರ್ಧ ಹೊತ್ತಿನ ಬಿಡುವು ಕೊಟ್ಟಿತು. ಆ ಬಿಡುವು ಸಣ್ಣದಲ್ಲ.

ಬಲೆಯ ಹಿಂದೆಯೇ ಹಗ್ಗವೂ ಬಂತು. ಹೊಸಪೇಟೆ ಬಜಾರಿನ ಹಗ್ಗದಂಗಡಿಗಳಲ್ಲಿ ಪುಂಡಿ, ಕತ್ತಾಳೆ, ತೆಂಗಿನ ನಾರಿನ ಸುರುಳಿಗಳ ಪಕ್ಕದಲ್ಲಿ ಬಿಳಿ, ಹಳದಿ, ನೀಲಿ ಸುರುಳಿಗಳು ತೂಗಿದವು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ಅವನ ಅನುಮಾನಗಳಿಗೆಲ್ಲ ಕಾರಣವಿತ್ತು. ಪುಂಡಿ ಹಗ್ಗಕ್ಕಿಂತ ಸಣ್ಣ ನೈಲಾನ್ ಅದಕ್ಕಿಂತ ಹೆಚ್ಚು ಭಾರ ತಡೆಯುತ್ತದೆ ನಿಜ, ಆದರೆ ಸಣ್ಣ ಹಗ್ಗವನ್ನು ಸೆಳವಿನಲ್ಲಿ ಹಿಡಿದರೆ ಅಂಗೈ ಕೊಯ್ಯುತ್ತದೆ. ಪುಂಡಿಯಲ್ಲಿ ನಿಲ್ಲುವ ಗಂಟು ನೈಲಾನಿನಲ್ಲಿ ಜಾರುತ್ತದೆ. ತುದಿ ಕತ್ತರಿಸಿದರೆ ಎಳೆಗಳು ಬಿಚ್ಚಿ ಹರಡುತ್ತವೆ. ಇವಕ್ಕೆಲ್ಲ ಒಂದೊಂದಾಗಿ ಉತ್ತರ ಸಿಕ್ಕಿತು. ಹಿಡಿಯುವ ಹಗ್ಗಕ್ಕೆ ಬಲ ಹೆಚ್ಚಾದರೂ ಚಿಂತೆಯಿಲ್ಲ, ಕೈ ತುಂಬುವ ದಪ್ಪವೇ ಇರಲಿ ಎಂದರು. ಗಂಟಿಗೆ ಇನ್ನೊಂದು ಸುತ್ತು ಸೇರಿಸಿ, ತುದಿಯನ್ನು ಗೇಣುದ್ದ ಬಿಟ್ಟರು. ಕತ್ತರಿಸಿದ ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು ಕರಗಿಸಿ, ಒದ್ದೆ ಬೆರಳಿನಿಂದ ಒತ್ತಿದರು. ಕಲ್ಲಿಗೆ ಉಜ್ಜುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿದರು. ಕೆಲವೇ ವರ್ಷಗಳಲ್ಲಿ ಪುಂಡಿ ಹಗ್ಗ ಹರಿಗೋಲಿನಿಂದ ಇಳಿದುಹೋಯಿತು. ಕೊಳೆ ನೀರಿನಲ್ಲಿ ನಿಂತು ನಾರು ಸುಲಿಯುವುದೂ ತಪ್ಪಿತು. ಒಳ್ಳೆಯದೇ ಆಯಿತು.

ಅಂಗಡಿಯಲ್ಲಿ ನೈಲಾನ್ ಎಂದು ಕೇಳಿ ತಂದದ್ದೆಲ್ಲ ಒಂದೇ ವಸ್ತುವಲ್ಲ ಎಂಬುದು ನೀರಿನಲ್ಲೇ ಗೊತ್ತಾಗುತ್ತದೆ. ನಿಜವಾದ ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ಅಗ್ಗದ ಹಳದಿ ನೀಲಿ ಹಗ್ಗ ಬಹುತೇಕ ಪಾಲಿಪ್ರೊಪಿಲೀನ್, ಅದು ತೇಲುತ್ತದೆ. ಗುಣಗಳೂ ಬೇರೆ. ನೈಲಾನ್ ಎಳೆದರೆ ಹಿಗ್ಗುತ್ತದೆ. ಹರಿಯುವ ಮುನ್ನ ತನ್ನ ಉದ್ದದ ಕಾಲುಭಾಗದಷ್ಟು ಬೆಳೆಯಬಲ್ಲದು. ದಡಕ್ಕೆ ಕಟ್ಟಿದ ದೋಣಿಯನ್ನು ಅಲೆ ಜಗ್ಗಿದಾಗ ಈ ಹಿಗ್ಗು ಪೆಟ್ಟನ್ನು ನುಂಗುತ್ತದೆ. ಆದರೆ ಬಿಗಿದ ನೈಲಾನ್ ಹರಿದರೆ ತುಂಡು ಚಾಟಿಯ ಹಾಗೆ ಹಿಂದಕ್ಕೆ ಹಾರುತ್ತದೆ, ಎದುರಿಗೆ ನಿಂತವರ ಕಣ್ಣು ಹೋಗಬಹುದು. ಪಾಲಿಪ್ರೊಪಿಲೀನ್ ತೇಲುವುದರಿಂದ ನೀರಿಗೆ ಬಿದ್ದವರತ್ತ ಎಸೆಯಲು ಒಳ್ಳೆಯದು. ಆದರೆ ಬಿಸಿಲು ಅದಕ್ಕೆ ವೈರಿ. ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲಿಗೆ ಬಿಟ್ಟ ಹಗ್ಗ ಮೇಲೆ ಬಣ್ಣ ಮಾಸಿ ಪುಡಿ ಉದುರಿಸುತ್ತ, ಒಳಗೆ ಬಲ ಕಳೆದುಕೊಳ್ಳುತ್ತದೆ. ಎರಡಕ್ಕೂ ಇನ್ನೊಂದು ಮಾತು ಒಪ್ಪುತ್ತದೆ: ಗಂಟು ಹಾಕಿದಲ್ಲಿ ಹಗ್ಗದ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಬಹುದು. ಎಳೆಗಳನ್ನು ಬಿಚ್ಚಿ ಹಗ್ಗದ ಮೈಯೊಳಗೇ ಹೆಣೆದು ಕುಣಿಕೆ ಮಾಡಿದರೆ ಅಷ್ಟು ನಷ್ಟವಿಲ್ಲ. ದೊಡ್ಡಪ್ಪನ ಕಾಲದವರು ದಪ್ಪ ಹಗ್ಗಕ್ಕೆ ಹೀಗೇ ಹೆಣೆಯುತ್ತಿದ್ದರು. ನೈಲಾನ್ ಬಂದ ಮೇಲೆ, ಹೇಗೂ ಬಲ ಇದೆಯಲ್ಲ ಎಂದು, ಆ ಹೆಣಿಗೆ ಕೈಬಿಟ್ಟರು.

ಹಾಯಿದೋಣಿಯ ಹಗ್ಗಗಳನ್ನು ನಾನು ಹತ್ತಿರದಿಂದ ನೋಡಿದ್ದು ಹೈದರಾಬಾದಿನ ಹುಸೇನ್ ಸಾಗರದಲ್ಲಿ. ತಂಗಿಯ ಮಗ ಅಲ್ಲಿ ಕೆಲಸಕ್ಕಿದ್ದಾನೆ. ಸ್ಪರ್ಧೆಯ ದಿನ ಕರೆದುಕೊಂಡು ಹೋಗಿದ್ದ. ಬ್ರೂಸ್ ಕರ್ಬಿ ರೂಪಿಸಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಲೇಸರ್ ಎಂಬ ಒಬ್ಬಾಳಿನ ಹಾಯಿದೋಣಿಗಳ ಸ್ಪರ್ಧೆ ಅದು. ಹಾಯಿಯನ್ನು ಚಪ್ಪಟೆ ಮಾಡಲು, ಅಡ್ಡಗೋಲನ್ನು ಕೆಳಕ್ಕೆ ಹಿಡಿಯಲು, ಹಾಯಿಯ ಮುಂದಂಚು ಬಿಗಿಯಲು ಒಂದೊಂದು ಹಗ್ಗ. ಮೊದಲಿಗೆ ಇವನ್ನೆಲ್ಲ ಬರೀ ಕುಣಿಕೆಗಳಲ್ಲಿ ತೂರಿಸಿ ಮೈಬಲದಿಂದ ಎಳೆಯಬೇಕಿತ್ತಂತೆ. ಈ ಶತಮಾನದ ಆರಂಭದಲ್ಲಿ ನಿಯಮ ಸಡಿಲಿಸಿ ಹೆಚ್ಚು ರಾಟೆಗಳಿಗೆ ಅವಕಾಶ ಕೊಟ್ಟರು. ಬಾವಿಯ ಗಡಗಡೆ ನೋಡಿದವರಿಗೆ ಲೆಕ್ಕ ಸುಲಭ. ಭಾರವನ್ನು ನಾಲ್ಕು ಎಳೆ ಹಂಚಿಕೊಂಡರೆ ಕೈಗೆ ಬೀಳುವುದು ಕಾಲುಭಾಗ, ಆದರೆ ನಾಲ್ಕು ಪಟ್ಟು ಹಗ್ಗ ಎಳೆಯಬೇಕು. ರಾಟೆ ಹೆಚ್ಚಾದಷ್ಟೂ ತಿಕ್ಕಾಟ ಹೆಚ್ಚು, ಅದಕ್ಕಾಗಿ ಗುಂಡಿನ ಬೇರಿಂಗ್ ಇರುವ ಸಣ್ಣ ರಾಟೆಗಳು. ಅಲ್ಲಿ ನೈಲಾನ್ ಕಾಣಲಿಲ್ಲ. ಹಿಗ್ಗುವ ಹಗ್ಗದಿಂದ ಹಾಯಿ ಹಿಡಿತಕ್ಕೆ ಸಿಗುವುದಿಲ್ಲ. ಹಿಗ್ಗದ ಪಾಲಿಯೆಸ್ಟರ್ ಬೇಕು, ಅದಕ್ಕೂ ಮೇಲೆ ಡೈನೀಮಾ ಎಂಬ ನೂಲಿನ ಹಗ್ಗ. ಅದೇ ತೂಕದ ಉಕ್ಕಿನ ತಂತಿಗಿಂತ ಹಲವು ಪಟ್ಟು ಬಲದ್ದು, ನೀರಿನಲ್ಲಿ ತೇಲುವಂಥದ್ದು. ಆದರೆ ಎಷ್ಟು ನುಣುಪೆಂದರೆ ಸಾಮಾನ್ಯ ಗಂಟು ನಿಲ್ಲದು, ಹೆಣೆಯಲೇಬೇಕು.

ಹಗ್ಗ ಸರಿಪಡಿಸುತ್ತಿದ್ದ ಹುಡುಗನೊಬ್ಬನನ್ನು ಎಷ್ಟು ದಿನ ಬಾಳುತ್ತದೆ ಎಂದು ಕೇಳಿದೆ. ಉಕ್ಕಿನ ತಂತಿ ಸವೆದರೆ ಒಂದೊಂದೇ ಎಳೆ ತುಂಡಾಗಿ ಕೈಗೆ ಚುಚ್ಚುತ್ತದೆ, ಆಗ ಗೊತ್ತಾಗುತ್ತದೆ. ಇದು ಚುಚ್ಚುವುದಿಲ್ಲ, ಅದಕ್ಕೇ ದಿನ ಲೆಕ್ಕ ಹಾಕಿ, ನೋಡಲು ಚೆನ್ನಾಗಿದ್ದರೂ ಬದಲಿಸುತ್ತೇವೆ ಎಂದ. ಲೆಕ್ಕವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದ. ನಮ್ಮ ಹೊಳೆಯಲ್ಲಿ ತಪ್ಪಿಹೋದದ್ದು ಏನೆಂದು ಆ ಚೀಟಿ ನೋಡಿದಾಗ ನನಗೆ ಸ್ಪಷ್ಟವಾಯಿತು. ಅವರು ಹೊಸ ಹಗ್ಗ ತಂದರು, ಅದರ ಜೊತೆಗೆ ಹೊಸ ಲೆಕ್ಕವನ್ನೂ ಮಾಡಿಕೊಂಡರು. ನಾವು ಹಗ್ಗ ಮಾತ್ರ ತಂದೆವು.

ಇದಕ್ಕೆ ಉದಾಹರಣೆಯಾಗಿ ಸಂಡೂರಿನ ಕಡೆಯಿಂದ ಬಂದ ಹಗ್ಗದ ಕತೆ ಸಾಕು. ಗಣಿಗಾರಿಕೆ ಮೇರೆ ಮೀರಿದ್ದ ವರ್ಷಗಳಲ್ಲಿ ಸಂಡೂರು–ಹೊಸಪೇಟೆ ರಸ್ತೆಯ ಮೇಲೆ ಅದಿರಿನ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಪ್ರತಿ ಲಾರಿಗೂ ಟಾರ್ಪಾಲು, ಅದನ್ನು ಬಿಗಿಯಲು ಮಾರುಗಟ್ಟಲೆ ಹಗ್ಗ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿಗಳು ಸಾಲುಸಾಲಾಗಿ ನಿಂತವು. ಟಾರ್ಪಾಲು, ಹಗ್ಗ, ಟೈರು ಗುಜರಿಗೆ ಬಂದು ಅಗ್ಗಕ್ಕೆ ಸಿಕ್ಕವು. ಟಾರ್ಪಾಲು ಹರಿಗೋಲಿನ ಹೊದಿಕೆಗೆ, ಹಗ್ಗ ದಡಕ್ಕೆ ಕಟ್ಟಲು ಎಂದು ಕೊಂಡವರುಂಟು. ದೊಡ್ಡಪ್ಪ ಆಗ ಇರಲಿಲ್ಲ. ಅಣ್ಣನ ಹತ್ತಿರ ಒಬ್ಬರು ಅಂಥ ಒಂದು ಸುರುಳಿ ತಂದರು. ಹೊರಗಿನಿಂದ ಗಟ್ಟಿಮುಟ್ಟು. ಅಣ್ಣ ಅದನ್ನು ಹುರಿಗೆ ಎದುರಾಗಿ ತಿರುಚಿ ಎಳೆ ಬಿಡಿಸಿದ. ಒಳಗೆಲ್ಲ ಕೆಂಪು ಪುಡಿ. ಅದಿರಿನ ಸಣ್ಣ ಹರಳುಗಳು ಎಳೆಗಳ ನಡುವೆ ಕೂತರೆ, ಹಗ್ಗ ಬಿಗಿದು ಸಡಿಲಾಗುವ ಪ್ರತಿ ಸಲವೂ ನೂಲನ್ನು ಒಳಗಿನಿಂದ ಕೊಯ್ಯುತ್ತವೆ. ತೊಳೆದರೆ ಹೊರಗಿನ ಬಣ್ಣ ಹೋಗುತ್ತದೆ, ಒಳಗಿನ ಗಾಯ ಹೋಗುವುದಿಲ್ಲ.

“ಇದರಾಗ ಎಮ್ಮಿ ಸೈತ ಕಟ್ಟಬ್ಯಾಡ್ರಿ” ಎಂದು ವಾಪಸು ಕೊಟ್ಟ.

ಅಣ್ಣನಿಗೆ ಎಳೆ ಬಿಡಿಸಿ ನೋಡುವುದು ಗೊತ್ತಿತ್ತು, ಏಕೆಂದರೆ ಅವನು ಪುಂಡಿ ಹೊಸೆದವನು. ಹಗ್ಗದ ಒಳಗೇನಿದೆ ಎಂದು ಕೈಯಾರೆ ತುಂಬಿ ಬಲ್ಲವನು ಬಿಡಿಸಿಯೂ ನೋಡುತ್ತಾನೆ. ಅಂಗಡಿಯಲ್ಲಿ ಕೊಂಡವನು ಹೊರಮೈ ನೋಡುತ್ತಾನೆ. ಇದು ಕೊಂಡವನ ದೋಷವಲ್ಲ. ಅವನಿಗೆ ಯಾರೂ ತೋರಿಸಿಲ್ಲ.

ಹಂಪಿಯ ಕಡೆ ಹರಿಗೋಲಿನ ಕೆಲಸವೇ ಬದಲಾಗಿದೆ. ತಳವಾರಘಟ್ಟದಿಂದ ಆನೆಗೊಂದಿಗೆ, ವಿರೂಪಾಕ್ಷನ ಗುಡಿಯ ಕೆಳಗಿನಿಂದ ವಿರೂಪಾಪುರ ಗಡ್ಡೆಗೆ ದಾಟಿಸುವುದು ಮೊದಲು ಊರವರ ಅಗತ್ಯವಾಗಿತ್ತು. ಜೋಡಿ ಹರಿಗೋಲಿನ ಮೇಲೆ ಮೋಟರ್ ಸೈಕಲ್ ದಾಟಿದ್ದನ್ನು ಕಂಡವರು ಇನ್ನೂ ಬಹಳ ಜನ ಇದ್ದಾರೆ. ಆನೆಗೊಂದಿಗೆ ಸೇತುವೆ ಬೇಕೆಂಬುದು ಹಳೆಯ ಬೇಡಿಕೆ. ಅಲ್ಲಿ ಕಟ್ಟತೊಡಗಿದ ಸೇತುವೆಗಳು ಪಾರಂಪರಿಕ ತಾಣಕ್ಕೆ ಧಕ್ಕೆ ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು, 2006ರಲ್ಲಿ ಹೊರತೆಗೆಯಿತು. ಕೆಲಸ ಮತ್ತೆ ಶುರುವಾದಾಗ, 2009ರ ಜನವರಿಯಲ್ಲಿ, ತಳವಾರಘಟ್ಟದ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಆಮೇಲೆ ಕೆಳಗಡೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಆಗಿ, ಗಂಗಾವತಿ ಕಡೆಯವರ ಓಡಾಟ ಅತ್ತ ತಿರುಗಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿದ ಮೇಲೆ ಅಲ್ಲಿನ ದಾಟೂ ತೆಳುವಾಯಿತು. ಈಗ ಹರಿಗೋಲು ಹತ್ತುವವರು ಹೆಚ್ಚಿನಂಶ ಪ್ರವಾಸಿಗರು. ಬಂಡೆಗಳ ನಡುವೆ ಒಂದು ಸುತ್ತು, ಫೋಟೊ, ಮತ್ತೆ ದಡ.

ಇದರಲ್ಲಿ ಕೊರಗುವಂಥದ್ದು ನನಗೆ ಕಾಣುವುದಿಲ್ಲ. ಹೆರಿಗೆ ನೋವಿನ ಹೆಂಗಸನ್ನು ರಾತ್ರಿ ಹರಿಗೋಲಿನಲ್ಲಿ ದಾಟಿಸುವ ಕಾಲ ಮುಗಿದದ್ದು ದೊಡ್ಡ ಲಾಭ. ಸವಾರಿಗೆ ಲೈಫ್ ಜಾಕೆಟ್ ಕೊಡತೊಡಗಿದ್ದೂ ಲಾಭವೇ. ದೊಡ್ಡಪ್ಪನ ಹರಿಗೋಲಿನಲ್ಲಿ ಅಂಥದ್ದೇನೂ ಇರಲಿಲ್ಲ, ಮುಳುಗಿದವರ ಹೆಸರುಗಳು ಊರಿಗೆ ನೆನಪಿದ್ದವು. ನನ್ನ ಮಾತು ಇಷ್ಟೇ: ಹತ್ತುವವರು ಜಾಕೆಟ್ ಕೇಳುತ್ತಾರೆ, ಯಾರೂ ಹಗ್ಗ ನೋಡುವುದಿಲ್ಲ. ವರ್ಷಗಟ್ಟಲೆ ಬಿಸಿಲು ಕುಡಿದು ಬೆಳ್ಳಗಾದ ಹಗ್ಗದಲ್ಲಿ ದಡಕ್ಕೆ ಕಟ್ಟಿದ ಹರಿಗೋಲುಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದು ಹರಿಯುವುದು ಸುಮ್ಮನೆ ನಿಂತಾಗಲ್ಲ, ಮೇಲಿಂದ ನೀರು ಏರಿ ಜಗ್ಗಿದಾಗ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟಿನ ಚೈನ್ ಕೊಂಡಿ ತುಂಡಾಗಿ ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳಲ್ಲಿ ಅದೊಂದು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದು, ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರು ಹೊಳೆಗೆ ಬಿಟ್ಟರು. ಕಂಪ್ಲಿ ಕೋಟೆಯವರು ಮತ್ತೆ ಹರಿಗೋಲುಗಳನ್ನು ಮೇಲೆ ಹೊತ್ತರು. ನಾಲ್ಕು ಜಿಲ್ಲೆಗಳ ರೈತರು, ಆಚೆ ಆಂಧ್ರ ತೆಲಂಗಾಣದವರು, ಎರಡನೆಯ ಬೆಳೆ ಹೋಯಿತೆಂದು ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್ ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಆ ಕ್ರೇನಿನ ಕೆಳಗೆ ಜೀವ ಪಣಕ್ಕಿಟ್ಟು ದುಡಿದವರಿಗೆ ಈ ನಾಡು ಋಣಿ. ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. ಮಾರನೆಯ ಮಳೆಗಾಲ, 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನವಾಯಿತು.

ಗೇಟಿನ ಚೈನಿಗೂ ಹರಿಗೋಲಿನ ಹಗ್ಗಕ್ಕೂ ಗಾತ್ರದಲ್ಲಿ ಹೋಲಿಕೆ ಇಲ್ಲ, ಕೆಲಸದಲ್ಲಿ ಇದೆ. ನೀರಿನ ಬಲಕ್ಕೆ ಎದುರಾಗಿ ಏನನ್ನೋ ಹಿಡಿದಿಡುವುದು ಎರಡರ ಕೆಲಸವೂ. ಎಪ್ಪತ್ತು ವರ್ಷ ಹಿಡಿದಿತ್ತು ಆ ಚೈನ್. ಒಂದು ತಲೆಮಾರು ಹುಟ್ಟಿ ಮುದಿಯಾಗುವಷ್ಟು ಕಾಲ ಬಾಳುವ ವಸ್ತುವಿಗೆ ಬದಲಾಯಿಸುವ ಹಂಗಾಮು ಎಂಬುದಿಲ್ಲ. ದೀಪಾವಳಿಗೆ ಹೊಸ ಪುಂಡಿ ಬಂದಂತೆ ಯಾವುದೂ ಬಂದು ಬಾಗಿಲು ತಟ್ಟುವುದಿಲ್ಲ. ಬಾಳಿಕೆ ಹೆಚ್ಚಿದಷ್ಟೂ ನೋಡುವ ದಿನವನ್ನು ನಾವೇ ಗೊತ್ತು ಮಾಡಿಕೊಳ್ಳಬೇಕು. ಅಂಬಿಗನಿಗೂ ಎಂಜಿನಿಯರಿಗೂ ಇದೇ ಮಾತು.

ಅಣ್ಣ ತನ್ನ ಮಟ್ಟಿಗೆ ಅಂಥ ದಿನವೊಂದನ್ನು ಗೊತ್ತು ಮಾಡಿದ್ದಾನೆ. ಮಹಾನವಮಿಯ ಆಯುಧಪೂಜೆಗೆ ಹರಿಗೋಲು, ಹುಟ್ಟು, ಬಲೆ ತೊಳೆದು ಕುಂಕುಮ ಇಡುವುದು ಮೊದಲಿನಿಂದಲೂ ಇತ್ತು. ಈಗ ಕುಂಕುಮಕ್ಕೆ ಮುನ್ನ ಎಲ್ಲ ಹಗ್ಗಗಳನ್ನೂ ಅಂಗಳದಲ್ಲಿ ಉದ್ದಕ್ಕೆ ಹಾಸುತ್ತಾರೆ. ಅಣ್ಣನ ಮಗ ಒಂದು ತುದಿಯಿಂದ ಕೈಯಾಡಿಸುತ್ತಾನೆ, ಅಲ್ಲಲ್ಲಿ ತಿರುಚಿ ಎಳೆ ಬಿಡಿಸಿ ಒಳಗೆ ನೋಡುತ್ತಾನೆ. ಮರಳು, ಪುಡಿ, ಕರಗಿ ಗಟ್ಟಿಯಾದ ಜಾಗ, ತೆಳುವಾದ ಜಾಗ ಸಿಕ್ಕರೆ ಅಲ್ಲಿಗೆ ಕತ್ತರಿ. ಕಲ್ಲಿಗೆ ಉಜ್ಜುವ ತುದಿಯನ್ನು ಈ ತುದಿಗೆ, ಈ ತುದಿಯನ್ನು ಆ ತುದಿಗೆ ತಿರುಗಿಸಿ ಕಟ್ಟುತ್ತಾರೆ, ಸವೆತ ಒಂದೇ ಕಡೆ ಬೀಳದಿರಲಿ ಎಂದು. ಕೊಂಡ ವರ್ಷವನ್ನು ಬಣ್ಣದಲ್ಲಿ ತಗಡಿನ ಚೂರಿಗೆ ಬರೆದು ತುದಿಗೆ ಪೋಣಿಸಿದ್ದಾರೆ. ಬಿಸಿಲಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಹಗ್ಗಕ್ಕೆ ಎರಡು ವರ್ಷ, ನೈಲಾನಿಗೆ ನಾಲ್ಕು ಎಂಬುದು ಅವರ ಮನೆಯ ಲೆಕ್ಕ. ಆಮೇಲೆ ಅದು ಎಷ್ಟೇ ಹೊಸದಾಗಿ ಕಂಡರೂ ದೋಣಿಯಿಂದ ಇಳಿಸಿ, ಬಟ್ಟೆ ಒಣಹಾಕಲು ಹಿತ್ತಲಿಗೆ ಕಟ್ಟುತ್ತಾರೆ.

ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಬಲೆ ಕೊಡುತ್ತದೆ, ಹರಿಗೋಲು ಕೊಡುತ್ತದೆ. ಕೊಡುವಾಗ ಹಗ್ಗಕ್ಕೂ ಒಂದು ವರ್ಷದ ಬಿಲ್ಲೆ ಕಟ್ಟಿ ಕೊಡಲಿ, ಎಳೆ ಬಿಡಿಸಿ ನೋಡುವುದನ್ನು ಅರ್ಧ ಗಂಟೆ ತೋರಿಸಿಕೊಡಲಿ. ಹಂಪಿ, ಸಣಾಪುರದ ಘಾಟುಗಳಲ್ಲಿ ಹರಿಗೋಲಿಗೆ ಪರವಾನಗಿ ಕೊಡುವವರು ಜಾಕೆಟ್ ಎಣಿಸುವಾಗ ಹಗ್ಗದ ಬಿಲ್ಲೆಯನ್ನೂ ಓದಲಿ. ಖರ್ಚು ಒಂದು ತಗಡಿನ ಚೂರು. ಪುಂಡಿ ತನ್ನ ಆಯುಸ್ಸನ್ನು ತಾನೇ ಹೇಳುತ್ತಿತ್ತು. ನೈಲಾನಿನ ಆಯುಸ್ಸನ್ನು ನಾವೇ ಬರೆದಿಡಬೇಕು. ಬರೆದಿಟ್ಟವರ ದೋಣಿ ನೀರು ಏರಿದ ರಾತ್ರಿಯೂ ದಡದಲ್ಲೇ ಇರುತ್ತದೆ.